ಒಂದೇ ನೋಟ, ಬೇರೆ ಬೇರೆ ಋತು: ಬಾದಾಮಿಯ ದಂಡೆಯಲ್ಲಿ ನಿಂತು ಫೋಟೋ ಜೋಡಿಸುವ ಕ್ರಮ

ಎಡಕ್ಕೆ ಮಳೆಗಾಲದ ಹಸಿರು ಗುಡ್ಡ, ಬಲಕ್ಕೆ ಬೇಸಿಗೆಯ ಸುಟ್ಟ ಬಂಡೆ, ನಡುವೆ ಎಲ್ಲಿ ಬದಲಾಯಿತೆಂದು ಗೊತ್ತಾಗದ ಹಾಗೆ ಒಂದೇ ಚಿತ್ರ. ಇಂಥದ್ದನ್ನು ಮಾಡಲು ಹೋಗಿ ಸೋತವರು ತಮ್ಮ ಫೈಲುಗಳನ್ನು ನನಗೆ ಕಳಿಸುತ್ತಿರುತ್ತಾರೆ. ಗೋಕಾಕದ ಜಲಪಾತ, ಆಲಮಟ್ಟಿಯ ಹಿನ್ನೀರು, ಬಾದಾಮಿಯ ಅಗಸ್ತ್ಯತೀರ್ಥ ಹೊಂಡ, ಹೀಗೆ ಜಾಗ ಬೇರೆ ಬೇರೆ. ಪ್ರಶ್ನೆ ಮಾತ್ರ ಒಂದೇ: "ಫೋಟೋಶಾಪಿನಲ್ಲಿ ಎಷ್ಟು ಎಳೆದರೂ ಎರಡು ಚಿತ್ರ ಕೂಡುತ್ತಿಲ್ಲ, ಯಾವ ಟೂಲ್ ಬಳಸಬೇಕು?"

ಇದಕ್ಕೆ ಯಾವ ಟೂಲೂ ಇಲ್ಲ. ತಪ್ಪಾಗಿದ್ದು ಫೋಟೋ ತೆಗೆದ ದಿನ, ಕಾಲಿಟ್ಟ ಜಾಗದಲ್ಲಿ. ಅದಕ್ಕೇ ಈ ಬರಹದ ಅರ್ಧಕ್ಕಿಂತ ಹೆಚ್ಚು ಭಾಗ ಹೊಂಡದ ದಂಡೆಯ ಮೇಲೆಯೇ ನಡೆಯುತ್ತದೆ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಕ್ಯಾಮೆರಾ ಸ್ವಲ್ಪ ವಾಲಿದ್ದರೆ ಕಂಪ್ಯೂಟರ್ ಸರಿಮಾಡುತ್ತದೆ. ಚಿತ್ರ ಚಿಕ್ಕದು ದೊಡ್ಡದಾಗಿದ್ದರೂ ಸರಿಮಾಡುತ್ತದೆ. ಕ್ಯಾಮೆರಾ ನಿಂತ ಜಾಗವೇ ಬದಲಾಗಿದ್ದರೆ ಮಾತ್ರ ಅದರ ಕೈಯಲ್ಲಿ ಏನೂ ಆಗದು. ಹತ್ತಿರದ ವಸ್ತು ಹೆಚ್ಚು ಸರಿಯುತ್ತದೆ, ದೂರದ್ದು ಸರಿಯುವುದೇ ಇಲ್ಲ.

ಫುಲ್-ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 24 ಮಿ.ಮೀ. ಲೆನ್ಸ್, ಅಗಲ 6000 ಪಿಕ್ಸೆಲ್ ಎಂದುಕೊಳ್ಳಿ. ಎರಡನೇ ಸಲ ಬಂದಾಗ ನೀವು ಬರೀ 10 ಸೆಂ.ಮೀ. ಪಕ್ಕಕ್ಕೆ ನಿಂತಿರಿ. 5 ಮೀಟರ್ ದೂರದ ಕಲ್ಲು ಚಿತ್ರದಲ್ಲಿ ಸುಮಾರು 80 ಪಿಕ್ಸೆಲ್ ಸರಿಯಿತು. 500 ಮೀಟರ್ ಆಚೆಯ ಬಂಡೆ ಒಂದು ಪಿಕ್ಸೆಲ್ ಕೂಡ ಸರಿಯಲಿಲ್ಲ. ಈಗ ಬಂಡೆಯನ್ನು ಹೊಂದಿಸಿದರೆ ಕಲ್ಲು ಎರಡಾಗುತ್ತದೆ, ಕಲ್ಲನ್ನು ಹೊಂದಿಸಿದರೆ ಬಂಡೆ ಎರಡಾಗುತ್ತದೆ. ಒಂದು ಗೇಣಿಗಿಂತ ಕಡಿಮೆ ತಪ್ಪಿಗೆ ಇಷ್ಟು ಆಗುತ್ತದೆ.

ಬೇಕಾದ ಸಾಮಾನು

ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದ ಮೂಲ ಫೈಲ್) ಕೊಡುವ ಕ್ಯಾಮೆರಾ, ಒಂದೇ ಲೆನ್ಸ್, ಟ್ರೈಪಾಡ್, ಅಳತೆ ಟೇಪು, ಗೌಂಡಿಗಳು ಗೋಡೆ ನೇರವಿದೆಯೇ ಎಂದು ನೋಡುವ ದಾರದ ಗುಂಡು, ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಎರಡನೇ ಸಲ ಬರುವಾಗ ಮೊದಲ ಫೋಟೋದ ಪ್ರಿಂಟು ಬೇಕೇ ಬೇಕು. ಬಿಸಿಲಿನಲ್ಲಿ ಮೊಬೈಲ್ ತೆರೆ ಸರಿಯಾಗಿ ಕಾಣುವುದಿಲ್ಲ.

ಲೆನ್ಸ್ ಪ್ರೈಮ್ (ಜೂಮ್ ಆಗದ್ದು) ಆಗಿದ್ದರೆ ಒಳ್ಳೆಯದು. ಜೂಮ್ ಇದ್ದರೆ ಒಂದು ತುದಿಗೆ ಪೂರ್ತಿ ತಿರುಗಿಸಿ ಬಳಸಿ. ನಡುವೆ 35ಕ್ಕೋ 40ಕ್ಕೋ ನಿಲ್ಲಿಸಿದರೆ ಮುಂದಿನ ಸಲ ಅದೇ ಜಾಗ ಸಿಗುವುದಿಲ್ಲ. ಮೊಬೈಲ್‌ನಲ್ಲಿ ತೆಗೆಯುವವರು 1x ಲೆನ್ಸನ್ನೇ ಬಳಸಿ, ಮೂರೂ ಋತು ಮುಗಿಯುವವರೆಗೆ ಫೋನ್ ಬದಲಿಸಬೇಡಿ. ಪೋಲರೈಸರ್ ಫಿಲ್ಟರ್ ಮನೆಯಲ್ಲಿಡಿ. ಸೂರ್ಯನ ಕೋನ ಬದಲಾದ ಹಾಗೆ ಆಕಾಶದ ಕಪ್ಪನ್ನೂ ನೀರಿನ ಪ್ರತಿಬಿಂಬವನ್ನೂ ಅದು ಬೇರೆ ಬೇರೆ ರೀತಿ ಬದಲಿಸುತ್ತದೆ.

ಹಂತ 1: ಜಾಗ ಆರಿಸುವುದು

ಕದಲದ ವಸ್ತು ಚಿತ್ರದಲ್ಲಿ ಸಾಕಷ್ಟು ಇರಬೇಕು. ಬಾದಾಮಿ ಇದಕ್ಕೆ ಹೇಳಿ ಮಾಡಿಸಿದ ಊರು. ಹೊಂಡದ ಊರ ಕಡೆಯ ದಂಡೆಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಎದುರಿಗೆ ಭೂತನಾಥ ಗುಡಿ, ಅದರ ಹಿಂದೆ ಕೆಂಪು ಮರಳುಗಲ್ಲಿನ ಬಂಡೆ, ಬಲಕ್ಕೆ ಗುಹೆಗಳಿರುವ ಗುಡ್ಡ. ಗುಡಿಯೂ ಬಂಡೆಯೂ ವರ್ಷವಿಡೀ ಹಾಗೇ ಇರುತ್ತವೆ. ಹುಲ್ಲು, ನೀರು, ಆಕಾಶ ಮಾತ್ರ ಬದಲಾಗುತ್ತವೆ.

ಬರೀ ಹೊಲ ಆರಿಸಿಕೊಂಡವರು ಹೆಚ್ಚು ಕಷ್ಟಪಡುತ್ತಾರೆ. ವಿಜಯಪುರದ ಎರೆ ಹೊಲದಲ್ಲಿ ಜೋಳ ಆಳೆತ್ತರ ಬೆಳೆದು ನಿಂತಾಗ, ಬೇಸಿಗೆಯಲ್ಲಿ ಹಿಡಿದ ಗುರುತು ಒಂದೂ ಕಾಣುವುದಿಲ್ಲ. ಹೊಲವೇ ಬೇಕೆಂದರೆ ಬಾವಿ, ಕರೆಂಟ್ ಕಂಬ, ಗುಡಿಯ ಶಿಖರ, ಇವುಗಳಲ್ಲಿ ಕನಿಷ್ಠ ಮೂರು ಬೆಳೆಗಿಂತ ಎತ್ತರದಲ್ಲಿ ಕಾಣಬೇಕು.

ಗೋಕಾಕದಲ್ಲಿ ತೂಗುಸೇತುವೆ ಮೇಲಿಂದ ಪ್ರಯತ್ನಿಸಬೇಡಿ. ಅಲುಗುವ ನೆಲದ ಮೇಲೆ ಈ ಕೆಲಸ ನಡೆಯದು. ಘಟಪ್ರಭಾ ತುಂಬಿ ಬಂದಾಗ ಸುಮಾರು 170 ಅಡಿಯಿಂದ ಬೀಳುವ ನೀರಿನ ತುಂತುರು ಎದುರಿನ ದಂಡೆಯವರೆಗೂ ಹಾರಿ ಬಂದು ಲೆನ್ಸಿನ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ನಿಲ್ಲಲು ಸಾಧ್ಯವಾಗುವ ಜಾಗ ಯಾವುದೆಂದು ಮೊದಲು ನೋಡಿಕೊಂಡು, ಅಲ್ಲಿಂದಲೇ ಬೇಸಿಗೆಯದ್ದನ್ನೂ ತೆಗೆಯಿರಿ. ಬಾದಾಮಿಗೂ ಇದೇ ಮಾತು. ನೀರಿಗೆ ತೀರ ಹತ್ತಿರದ ಮೆಟ್ಟಿಲು ಮಳೆಗಾಲದಲ್ಲಿ ಮುಳುಗಬಹುದು, ಮುಳುಗದಿದ್ದರೆ ಪಾಚಿ ಕಟ್ಟಿ ಜಾರುತ್ತದೆ. ನಾಲ್ಕಾರು ಮೆಟ್ಟಿಲು ಮೇಲೆಯೇ ನಿಲ್ಲಿ.

ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೊದಲೇ ಕೇಳಿಕೊಳ್ಳಿ. ಟ್ರೈಪಾಡ್ ಆಗದಿದ್ದರೆ ಸಣ್ಣ ಚೀಲವೊಂದನ್ನು ತುಂಬಿ ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಬಹುದು. ಚೀಲಕ್ಕೆ ಮರಳು ತುಂಬಿ, ಜೋಳ ಬೇಡ. ಬಾದಾಮಿಯ ಮಂಗಗಳು ಕಾಳಿನ ವಾಸನೆ ಹಿಡಿದು ಬಂದು ಚೀಲ ಹರಿಯುತ್ತವೆ, ಕ್ಯಾಮೆರಾ ಕಲ್ಲಿನ ಮೇಲೆ ಬೀಳುತ್ತದೆ.

ಹಂತ 2: ನಿಂತ ಜಾಗವನ್ನು ಬರೆದಿಡುವುದು

ಬಹಳ ಮಂದಿ ಇದನ್ನೇ ಬಿಡುತ್ತಾರೆ. "ಇಲ್ಲೇ ಎಲ್ಲೋ ನಿಂತಿದ್ದೆ" ಅನ್ನುವ ನೆನಪು ನಾಲ್ಕು ತಿಂಗಳ ಮೇಲೆ ಒಂದು ಮೀಟರ್ ತಪ್ಪಿರುತ್ತದೆ. ಮೊಬೈಲ್ ಜಿಪಿಎಸ್ ಕೂಡ ಕೆಲವು ಮೀಟರ್ ತಪ್ಪು ತೋರಿಸುತ್ತದೆ. ಊರು ಹುಡುಕಲು ಅದು ಸಾಕು, ಕಾಲಿಡುವ ಜಾಗಕ್ಕೆ ಸಾಲದು.

ಕಲ್ಲಿನ ಮೇಲೆ ಬಣ್ಣ ಬಳಿಯಬೇಡಿ, ಗೀರಬೇಡಿ. ಇದು ಸಾವಿರ ವರ್ಷ ದಾಟಿದ ಕಲ್ಲು. ಗುರುತು ನೋಟ್‌ಬುಕ್ಕಿನಲ್ಲಿ ಇರಲಿ:

1. ಟ್ರೈಪಾಡಿನ ನಡುಗಂಬದಿಂದ ದಾರದ ಗುಂಡು ಇಳಿಬಿಡಿ. ಗುಂಡು ಮುಟ್ಟಿದ ಬಿಂದುವೇ ನಿಮ್ಮ ಜಾಗ.
2. ಆ ಬಿಂದುವಿನಿಂದ ಕದಲದ ಎರಡು ಮೂಲೆಗಳಿಗೆ (ಮೆಟ್ಟಿಲ ಅಂಚು, ಕಟ್ಟೆಯ ಮೂಲೆ) ಟೇಪು ಹಿಡಿದು ಸೆಂ.ಮೀ. ಲೆಕ್ಕದಲ್ಲಿ ಬರೆದುಕೊಳ್ಳಿ. ಮೂರನೇ ಮೂಲೆಗೂ ಅಳೆದರೆ ತಪ್ಪು ಹಿಡಿಯಲು ಅನುಕೂಲ.
3. ನೆಲದಿಂದ ಲೆನ್ಸಿನ ನಡುವಿನ ತನಕ ಎತ್ತರ ಅಳೆಯಿರಿ. ಎತ್ತರ ತಪ್ಪಿದರೂ ಹತ್ತಿರದ ಕಲ್ಲು ಅಷ್ಟೇ ಸರಿಯುತ್ತದೆ.
4. ಟ್ರೈಪಾಡ್ ಕಾಲುಗಳು ಕಲ್ಲಿನ ಮೇಲೆ ಕೂತಿದ್ದನ್ನು ಮೇಲಿನಿಂದ ಮೊಬೈಲ್‌ನಲ್ಲಿ ತೆಗೆದಿಡಿ. ಕಲ್ಲಿನ ಬಿರುಕು, ಚಕ್ಕೆ ಎದ್ದ ಜಾಗ ಎಲ್ಲ ಕಾಣಲಿ.

ಒಂದೇ ಜಾಗ ನಂಬಬೇಡಿ. ಹತ್ತಿಪ್ಪತ್ತು ಹೆಜ್ಜೆ ಆಚೆ ಇನ್ನೊಂದನ್ನೂ ಹೀಗೇ ಬರೆದಿಡಿ. ನಾನು ಮೊದಲ ವರ್ಷ ಒಂದನ್ನೇ ನೆಚ್ಚಿಕೊಂಡಿದ್ದೆ. ಮಳೆ ಮುಗಿಸಿ ಹೋಗಿ ನೋಡಿದರೆ ಸರಿಯಾಗಿ ಚೌಕಟ್ಟಿನ ನಡುವೆ ಜಾಲಿ ಗಿಡ ಎದೆಯೆತ್ತರ ಬೆಳೆದಿತ್ತು. ಆ ಬೇಸಿಗೆಯ ಫೋಟೋಗೆ ಇವತ್ತಿಗೂ ಜೋಡಿ ಇಲ್ಲ.

ಹಂತ 3: ತಾರೀಖು ಮತ್ತು ಹೊತ್ತು

ಋತು ಬದಲಾದರೆ ಗಿಡ ಮಾತ್ರ ಬದಲಾಗುವುದಿಲ್ಲ, ಸೂರ್ಯನೂ ಜಾಗ ಬದಲಿಸುತ್ತಾನೆ. ನಮ್ಮ ಈ ಸೀಮೆಯಲ್ಲಿ ಜೂನ್ 21ಕ್ಕೂ ಡಿಸೆಂಬರ್ 21ಕ್ಕೂ ಸೂರ್ಯ ಮುಳುಗುವ ಜಾಗದ ನಡುವೆ ಸುಮಾರು 49 ಡಿಗ್ರಿ ಅಂತರ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ ಎಂದು ಲೆಕ್ಕ, ಅಂದರೆ ಐದು ಮುಷ್ಟಿಯಷ್ಟು. ಜೂನ್ ಸಂಜೆ ಬಿಸಿಲು ಬೆನ್ನ ಹಿಂದೆ ಎಡದಿಂದ ಬಂದರೆ ಡಿಸೆಂಬರ್ ಸಂಜೆ ಬಲದಿಂದ ಬರುತ್ತದೆ. ಎರಡನ್ನೂ ಜೋಡಿಸಿದರೆ ಗುಡಿಯ ಶಿಖರದ ನೆರಳು ಎರಡು ಕಡೆ ಬೀಳುತ್ತದೆ. ಏನು ತಪ್ಪೆಂದು ನೋಡುವವರಿಗೆ ಹೇಳಲು ಬಾರದಿದ್ದರೂ ಚಿತ್ರವನ್ನು ಅವರು ನಂಬುವುದಿಲ್ಲ.

ಇದಕ್ಕೆ ಪರಿಹಾರ ಕ್ಯಾಲೆಂಡರಿನಲ್ಲೇ ಇದೆ. ಜೂನ್ 21ರಿಂದ ಎಷ್ಟು ದಿನ ಹಿಂದೆಯೋ ಅಷ್ಟೇ ದಿನ ಮುಂದೆ ಹೋದರೆ ಸೂರ್ಯ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆಯುತ್ತಾನೆ. ನಮಗೆ ಉಪಯೋಗಕ್ಕೆ ಬರುವ ಜೋಡಿಗಳು ಇವು:

– ಏಪ್ರಿಲ್ 20 ಮತ್ತು ಆಗಸ್ಟ್ 22. ಒಂದು ಕಡೆ ಒಣ ಬಂಡೆ, ಇನ್ನೊಂದು ಕಡೆ ಮಘಾ ಮಳೆಯ ಹಸಿರು. ಮೊದಲ ಸಲ ಮಾಡುವವರು ಇದನ್ನೇ ಹಿಡಿಯಿರಿ.
– ಮೇ 10 ಮತ್ತು ಆಗಸ್ಟ್ 2.
– ಫೆಬ್ರುವರಿ 20 ಮತ್ತು ಅಕ್ಟೋಬರ್ 20. ಹಿಂಗಾರಿಗೆ ತುಂಬಿದ ಹೊಂಡವನ್ನೂ ಒಣಗಿದ ಹುಲ್ಲನ್ನೂ ಕೂಡಿಸುವವರಿಗೆ.

ಎರಡು ಮೂರು ದಿನ ಆಚೀಚೆ ಆದರೆ ನಡೆಯುತ್ತದೆ. ಗಡಿಯಾರ ನಂಬಬೇಡಿ. ಅಕ್ಟೋಬರ್ 20ರ ಐದು ಗಂಟೆಗೂ ಫೆಬ್ರುವರಿ 20ರ ಐದು ಗಂಟೆಗೂ ಸೂರ್ಯನ ಲೆಕ್ಕದಲ್ಲಿ ಸುಮಾರು ಅರ್ಧ ತಾಸಿನ ವ್ಯತ್ಯಾಸ ಇರುತ್ತದೆ. ಆಯಾ ದಿನದ ಸೂರ್ಯಾಸ್ತ ಪಂಚಾಂಗದಲ್ಲಿ ನೋಡಿ, ಅದಕ್ಕೆ ಒಂದೂಕಾಲು ತಾಸು ಮುಂಚೆ ಎಂದು ಇಟ್ಟುಕೊಳ್ಳಿ. ಆಗ ಬಿಸಿಲು ಭೂತನಾಥದ ಮುಖಕ್ಕೆ ನೇರ ಬೀಳುತ್ತದೆ.

ಮೋಡದ ದಿನದ ಫೋಟೋ ಮತ್ತು ಬಿಸಿಲಿನ ದಿನದ ಫೋಟೋ ಯಾವತ್ತೂ ಕೂಡುವುದಿಲ್ಲ. ಎರಡೂ ಬಿಸಿಲಿರಲಿ, ಇಲ್ಲವೇ ಎರಡೂ ಮೋಡವಿರಲಿ. ಆಗಸ್ಟಿನಲ್ಲಿ ಮೋಡ ಹರಿಯಲು ತಾಸುಗಟ್ಟಲೆ ಕೂರಬೇಕಾದೀತು. ಎರಡೂ ಮೋಡ ಬೇಕೆಂದರೆ ಬೇಸಿಗೆಯದ್ದಕ್ಕೆ ಅಡ್ಡಮಳೆಯ ಮೋಡ ಕವಿದ ಸಂಜೆ ಕಾಯಿರಿ.

ಇನ್ನೊಂದು ಮಾತು. ವಸಂತ, ಶರತ್, ಹಿಮ ಎಂದು ಹೊರದೇಶದ ಚಿತ್ರ ನೋಡಿ ನಾಲ್ಕು ಪಟ್ಟೆ ಮಾಡಲು ಹೋಗಬೇಡಿ. ನಮ್ಮ ಗುಡ್ಡಕ್ಕೆ ಇರುವುದು ಮೂರು ಮುಖ: ಮಳೆಯ ಹಸಿರು, ಚಳಿಗಾಲದ ಒಣಹುಲ್ಲಿನ ಹಳದಿ, ಬೇಸಿಗೆಯ ಬರೀ ಕಲ್ಲು. ಅದರಲ್ಲೂ ಬೇಸಿಗೆಯೆಂದರೆ ಎಲ್ಲ ಒಣ ಎಂದುಕೊಳ್ಳಬೇಡಿ. ಬೇವಿನ ಗಿಡ ಫೆಬ್ರುವರಿ ಮಾರ್ಚಿನಲ್ಲಿ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಚಿಗುರಿ ಹೂ ಬಿಟ್ಟು, ಏಪ್ರಿಲ್ ಕೊನೆಗೆ ದಟ್ಟ ಹಸಿರಾಗಿ ನಿಂತಿರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಹಳದಿ ಮಾಡಿದರೆ ಇಲ್ಲಿ ಹುಟ್ಟಿ ಬೆಳೆದವರ ಕಣ್ಣಿಗೆ ತಕ್ಷಣ ಸುಳ್ಳು ಗೊತ್ತಾಗುತ್ತದೆ.

ಹಂತ 4: ಮೊದಲ ಫೋಟೋ

ಮ್ಯಾನುಯಲ್ ಮೋಡ್, ಐಎಸ್ಒ (ಬೆಳಕಿನ ಸಂವೇದನೆ) 100, ಅಪರ್ಚರ್ ಎಫ್/8, ವೈಟ್ ಬ್ಯಾಲೆನ್ಸ್ ಡೇಲೈಟ್. ಬೆಳಕಿಗೆ ತಕ್ಕಂತೆ ಶಟರ್ ಸ್ಪೀಡ್ ಮಾತ್ರ ಬದಲಿಸಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್ ಮಾಡಿ. ಫೋಕಸ್ ಎದುರಿನ ಗುಡಿಯ ಮೇಲೆ ಇಟ್ಟು ಲಾಕ್ ಮಾಡಿ. ಫೋಕಸ್ ಬದಲಾದರೆ ಎಷ್ಟೋ ಲೆನ್ಸುಗಳಲ್ಲಿ ಚಿತ್ರದ ಅಳತೆಯೂ ತುಸು ಬದಲಾಗುತ್ತದೆ.

ನಿಮಗೆ ಬೇಕಾದ್ದಕ್ಕಿಂತ ಸುತ್ತಲೂ ಹತ್ತು ಪರ್ಸೆಂಟ್ ಹೆಚ್ಚು ತೆಗೆಯಿರಿ. ಹೊಂದಿಸುವಾಗ ಅಂಚು ಕತ್ತರಿಸಿ ಹೋಗುತ್ತದೆ. ಒಂದೇ ತೆಗೆದು ಎದ್ದು ಬರಬೇಡಿ. ಜನ, ದನ, ಬಟ್ಟೆ ಒಗೆಯುವವರು ಅಡ್ಡ ಬಂದಿರುತ್ತಾರೆ. ಹತ್ತು ನಿಮಿಷದಲ್ಲಿ ಎಂಟು ಹತ್ತು ತೆಗೆದರೆ ಎಲ್ಲ ಜಾಗವೂ ಖಾಲಿ ಸಿಗುತ್ತದೆ.

ಹಂತ 5: ಮರಳಿ ಬಂದು ನಿಲ್ಲುವುದು

ಇದಕ್ಕಾಗಿ ಫೋಟೋ ತೆಗೆಯುವ ಹೊತ್ತಿಗಿಂತ ಒಂದು ತಾಸು ಮುಂಚೆ ಬನ್ನಿ. ಟೇಪಿನ ಅಳತೆ ನಿಮ್ಮನ್ನು ಎರಡು ಮೂರು ಸೆಂ.ಮೀ. ಒಳಗೆ ತಂದು ನಿಲ್ಲಿಸುತ್ತದೆ. ಉಳಿದದ್ದನ್ನು ಕಣ್ಣೇ ಮಾಡಬೇಕು.

ಮೊದಲ ಫೋಟೋದ ಪ್ರಿಂಟಿನಲ್ಲಿ ಎರಡು ಜೋಡಿ ಗುರುತು ಹುಡುಕಿ ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಜೋಡಿ ಎಂದರೆ ಹತ್ತಿರದ ಒಂದು ಅಂಚು, ಅದರ ನೇರಕ್ಕೆ ದೂರದ ಒಂದು ಗುರುತು. ನನ್ನ ಪ್ರಿಂಟಿನಲ್ಲಿ ಎಡದ ಜೋಡಿ ದಂಡೆಯ ಕಲ್ಲಿನ ಮುರಿದ ಮೂಲೆ ಮತ್ತು ಆಚೆಯ ಬಂಡೆಯ ಮೇಲೆ ನೀರಿಳಿದು ಆದ ಕಪ್ಪು ಗೆರೆ. ಹೋದ ಆಗಸ್ಟಿನಲ್ಲಿ ನಿಂತಾಗ ಆ ಮೂಲೆ ಗೆರೆಯಿಂದ ಕೂದಲೆಳೆಯಷ್ಟು ಎಡಕ್ಕಿತ್ತು. ಟ್ರೈಪಾಡನ್ನು ಎರಡು ಬೆರಳು ಎಡಕ್ಕೆ ಸರಿಸಿದೆ, ಮೂಲೆ ಗೆರೆಗೆ ಬಂದು ತಾಗಿತು. ಆದರೆ ಬಲದ ಜೋಡಿ ತಪ್ಪಿತು. ಅಂದರೆ ಮುಂದೆ ಬಂದಿದ್ದೇನೆಂದು ಅರ್ಥ. ಒಂದು ಬೆರಳು ಹಿಂದಕ್ಕೆ ಸರಿಸಿದ ಮೇಲೆ ಎರಡೂ ಕೂಡಿದವು. ಹೀಗೆ ಇಪ್ಪತ್ತು ನಿಮಿಷ ಹೋಯಿತು, ಮನೆಯಲ್ಲಿ ಎರಡು ದಿನ ಉಳಿಯಿತು.

ನೆನಪಿಡಬೇಕಾದ ಲೆಕ್ಕ ಇಷ್ಟು. ಹತ್ತಿರದ ವಸ್ತು ದೂರದ ಗುರುತಿಗಿಂತ ಎಡಕ್ಕೆ ಕಂಡರೆ ನೀವು ಬಲಕ್ಕೆ ನಿಂತಿದ್ದೀರಿ, ಎಡಕ್ಕೆ ಬನ್ನಿ. ಬಲಕ್ಕೆ ಕಂಡರೆ ಬಲಕ್ಕೆ ಹೋಗಿ. ಹತ್ತಿರದ ಅಂಚು ಕೆಳಗೆ ಕಂಡರೆ ಕ್ಯಾಮೆರಾ ಎತ್ತರವಾಗಿದೆ, ಇಳಿಸಿ. ಹತ್ತಿರದ ಎರಡು ಗುರುತುಗಳ ನಡುವಿನ ಜಾಗ ಹಿಂದಿನ ಬಂಡೆಗೆ ಹೋಲಿಸಿದರೆ ಅಗಲವಾಗಿದ್ದರೆ ಮುಂದೆ ಬಂದಿದ್ದೀರಿ, ಹಿಂದೆ ಸರಿಯಿರಿ. ಜಾಗ ಸಿಕ್ಕ ಮೇಲಷ್ಟೇ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸಿ. ಮೊದಲೇ ಚೌಕಟ್ಟು ಹೊಂದಿಸಿಕೊಂಡವರಿಗೆ ಜಾಗ ತಪ್ಪಿದ್ದು ಕಾಣುವುದಿಲ್ಲ.

ಹಂತ 6: ರಾ ಫೈಲ್ ತೆರೆಯುವುದು

ಎರಡಕ್ಕೂ ಒಂದೇ ಲೆನ್ಸ್ ಕರೆಕ್ಷನ್, ಒಂದೇ ಶಾರ್ಪನಿಂಗ್ (ಅಂಚುಗಳನ್ನು ಚೂಪಾಗಿಸುವುದು). ಶಾರ್ಪನಿಂಗ್ ಕಡಿಮೆ ಇರಲಿ, ಹೆಚ್ಚಿನದ್ದು ಕೊನೆಗೆ. 16-ಬಿಟ್ ಟಿಫ್ ಆಗಿ ಉಳಿಸಿ.

ಬೆಳಕು ಹೊಂದಿಸುವಾಗ ಬದಲಾಗದ ಕಲ್ಲಿನ ಮೇಲೆ ಮಾತ್ರ ಹೊಂದಿಸಿ. ಇಲ್ಲೊಂದು ಬಲೆ ಇದೆ. ಮಳೆಯಲ್ಲಿ ನೆಂದ ಬಾದಾಮಿ ಕಲ್ಲು ಒಣ ಕಲ್ಲಿಗಿಂತ ತುಂಬ ಕಪ್ಪಾಗಿ, ಕಡುಗೆಂಪಾಗಿ ಕಾಣುತ್ತದೆ. ಅದನ್ನು ಒಣ ಕಲ್ಲಿಗೆ ಸರಿಮಾಡಲು ಹೋದರೆ ಹಸಿರೆಲ್ಲ ಬಿಳುಚಿಕೊಳ್ಳುತ್ತದೆ. ಗುಡಿಯ ಚಜ್ಜದ ಕೆಳಗೆ ಮಳೆ ತಾಗದ ಕಲ್ಲು ಇರುತ್ತದೆ, ಅದನ್ನು ಅಳತೆಗೋಲು ಮಾಡಿಕೊಳ್ಳಿ. ಹಸಿರಿನ ಬಣ್ಣವನ್ನೂ ಒಣಹುಲ್ಲಿನ ಬಣ್ಣವನ್ನೂ ಒಂದಕ್ಕೊಂದು ಹತ್ತಿರ ತರಬೇಡಿ. ಆ ವ್ಯತ್ಯಾಸ ತೋರಿಸಲೆಂದೇ ತಿಂಗಳುಗಟ್ಟಲೆ ಕಾದಿದ್ದೀರಿ.

ಹಂತ 7: ಒಂದರ ಮೇಲೊಂದು ಹೊಂದಿಸುವುದು

ಎರಡೂ ಚಿತ್ರಗಳನ್ನು ಒಂದೇ ಫೈಲಿನಲ್ಲಿ ಒಂದರ ಮೇಲೊಂದು ಪದರವಾಗಿ (ಲೇಯರ್) ಇಟ್ಟು, ಫೋಟೋಶಾಪಿನ ಆಟೋ-ಅಲೈನ್ ಲೇಯರ್ಸ್ ಒಮ್ಮೆ ಪ್ರಯತ್ನಿಸಿ. ಋತು ಬೇರೆಯಾದಾಗ ಅದು ಮೋಡವನ್ನೋ ಎಲೆಯನ್ನೋ ಗುರುತೆಂದು ಹಿಡಿದು ದಾರಿ ತಪ್ಪುವುದುಂಟು. ಆಗ ಮೇಲಿನ ಲೇಯರಿಗೆ ಡಿಫರೆನ್ಸ್ ಮೋಡ್ (ಎರಡು ಚಿತ್ರಗಳ ವ್ಯತ್ಯಾಸ ಮಾತ್ರ ತೋರಿಸುವುದು) ಹಾಕಿ. ಸರಿಯಾಗಿ ಕೂತ ಕಲ್ಲಿನ ಅಂಚು ಕಪ್ಪಾಗುತ್ತದೆ, ತಪ್ಪಿದ ಅಂಚು ಬೆಳ್ಳಗೆ ಗೆರೆಯಾಗಿ ಹೊಳೆಯುತ್ತದೆ. ಹುಲ್ಲು, ನೀರು, ಆಕಾಶ ಹೊಳೆಯುತ್ತಲೇ ಇರುತ್ತವೆ, ಅವನ್ನು ನೋಡಬೇಡಿ. ಮೊದಲು ತಿರುವು, ಆಮೇಲೆ ಅಳತೆ, ಕೊನೆಗೆ ಸರಿಸುವುದು.

ಹಣ ಕೊಡದೆ ಮಾಡುವವರಿಗೆ ಹ್ಯೂಗಿನ್ ಎಂಬ ಚಿತ್ರ ಜೋಡಿಸುವ ಸಾಫ್ಟ್‌ವೇರ್ ಇದೆ. ಎರಡೂ ಚಿತ್ರದಲ್ಲಿ ಅದೇ ಬಿರುಕು, ಅದೇ ಮೂಲೆ ಎಂದು ಹತ್ತು ಹನ್ನೆರಡು ಬಿಂದುಗಳನ್ನು ಕೈಯಿಂದಲೇ ಇಡಿ. ಅದು ತಾನಾಗಿ ಹುಡುಕಿದ ಬಿಂದುಗಳಲ್ಲಿ ಮೋಡ, ಗಿಡ, ನೀರಿನ ಮೇಲಿನವನ್ನೆಲ್ಲ ಅಳಿಸಿ. ಹೊಂದಿಸಿದ ಚಿತ್ರಗಳನ್ನು ಫೋಟೋ ತಿದ್ದುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಆದ ಗಿಂಪ್‌ನಲ್ಲಿ ತೆರೆದು ಮುಂದುವರಿಯಬಹುದು.

ವಾರ್ಪ್ ಟೂಲಿನಿಂದ ಎಳೆಯುವುದು ನಾಲ್ಕೈದು ಪಿಕ್ಸೆಲ್ ತಪ್ಪಿಗೆ ಮಾತ್ರ. ಮೂವತ್ತು ಪಿಕ್ಸೆಲ್ ಎಳೆಯಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ತಾರೀಖಿಗೆ ಹಂತ 5ಕ್ಕೆ ಮರಳಿ ಹೋಗಿ. ಬೇಸರವಾಗುತ್ತದೆ, ಆದರೂ ಎಳೆದೆಳೆದು ಸೊಟ್ಟಗಾದ ಶಿಖರಕ್ಕಿಂತ ಅದು ಮೇಲು.

ಹಂತ 8: ಹೊಲಿಗೆ ಹಾಯುವ ದಾರಿ

ಎರಡು ಚಿತ್ರ ಕೂಡುವ ಗೆರೆಯೇ ಇಲ್ಲಿ ಹೊಲಿಗೆ. ಕೌದಿಯ ಹೊಲಿಗೆ ಕಂಡರೇ ಚೆಂದ, ಇದರದ್ದು ಕಾಣಬಾರದು. ಮಾಸ್ಕ್ (ಎಲ್ಲಿ ಯಾವ ಲೇಯರ್ ಕಾಣಬೇಕೆಂದು ಹೇಳುವ ಮುಸುಕು) ಮುಟ್ಟುವ ಮೊದಲು ಖಾಲಿ ಲೇಯರ್ ಮೇಲೆ ಕೆಂಪು ಗೆರೆಯಲ್ಲಿ ದಾರಿ ಎಳೆದುಕೊಳ್ಳಿ.

ಬಂಡೆಯಲ್ಲಿ ಗೆರೆ ಬಿರುಕಿನ ಗುಂಟ, ನೆರಳಿನ ಗುಂಟ ಇಳಿಯಲಿ. ಗಿಡದ ನೆತ್ತಿಯ ಮೂಲಕ ಎಂದೂ ಹಾಯಬಾರದು. ಟೊಂಗೆ ಗಾಳಿಗೆ ಆಡಿರುತ್ತದೆ, ಬೆಳೆದಿರುತ್ತದೆ, ಎಷ್ಟು ಹೊಂದಿಸಿದರೂ ಎರಡಾಗುತ್ತದೆ. ಇಡೀ ಗಿಡವನ್ನು ಒಂದೇ ಋತುವಿಗೆ ಬಿಟ್ಟು ಸುತ್ತಿ ಹೋಗಿ. ಮಳೆ ಜೋರಾದಾಗ ಬಂಡೆಯಿಂದ ಧುಮುಕುವ ಅಕ್ಕ-ತಂಗಿ ಜಲಧಾರೆ ನಿಮ್ಮ ಚೌಕಟ್ಟಿನಲ್ಲಿದ್ದರೆ ಅದೂ ಅಷ್ಟೇ: ಎರಡನ್ನೂ ಮಳೆಯ ಕಡೆಗೇ ಇಡಿ, ನಡುವೆ ಕತ್ತರಿಸಬೇಡಿ.

ಎಲ್ಲಕ್ಕಿಂತ ಕಠಿಣ ನೀರು. ಬೇಸಿಗೆಯಲ್ಲಿ ಹೊಂಡ ಇಳಿದಾಗ ಮೆಟ್ಟಿಲು ಹೆಚ್ಚು ಕಾಣುತ್ತದೆ, ನೀರಿನ ಅಂಚು ಕೆಳಗಿಳಿಯುತ್ತದೆ, ಪ್ರತಿಬಿಂಬವೂ ಅದರ ಜೊತೆ ಇಳಿಯುತ್ತದೆ. ಮೇಲೆ ಎಲ್ಲಿ ಹೊಲಿಗೆ ಇದೆಯೋ ಅದರ ನೇರ ಕೆಳಗೇ ನೀರಿನಲ್ಲೂ ಹೊಲಿಗೆ ಇರಬೇಕು. ಹಸಿರು ಗುಡ್ಡದ ಕೆಳಗೆ ಒಣ ಗುಡ್ಡದ ಬಿಂಬ ಬಿದ್ದರೆ ಚಿತ್ರ ಕೆಟ್ಟಿತು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ ಇರುವ ಎರಡು ದಿನ ಆರಿಸಿ. ಇಲ್ಲವಾದರೆ ಮಂಟಪದ ಕಂಬವೋ ಗೋಡೆಯ ಮೂಲೆಯೋ ನೀರಿಗೆ ನೇರ ಇಳಿದ ಜಾಗದಲ್ಲಿ ಹೊಲಿಗೆ ಹಾಯಿಸಿ, ಮಟ್ಟದ ವ್ಯತ್ಯಾಸ ಅಲ್ಲಿ ಅಡಗುತ್ತದೆ.

ಹಂತ 9: ಮಾಸ್ಕ್

ಇಡೀ ಚಿತ್ರಕ್ಕೆ ಒಂದೇ ಗ್ರೇಡಿಯಂಟ್ (ಮೆಲ್ಲಗೆ ಮಸುಕಾಗುವ ಬದಲಾವಣೆ) ಎಳೆದು ಬಿಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ನಡುವಿನ ಭಾಗದಲ್ಲಿ ಎರಡೂ ಋತು ಅರ್ಧ ಅರ್ಧ ಪಾರದರ್ಶಕವಾಗಿ ಕೂತು ಮಬ್ಬಾಗುತ್ತದೆ. ಪ್ರತಿ ವಸ್ತುವಿಗೂ ಅದರದೇ ಅಗಲ ಬೇಕು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಾನು ಬಳಸುವ ಅಳತೆ: ಆಕಾಶಕ್ಕೆ 800 ಪಿಕ್ಸೆಲ್‌ನಷ್ಟು ಮೆತ್ತನೆಯ ಬದಲಾವಣೆ, ಬಯಲು ನೀರಿಗೆ 200–300, ಬಂಡೆಯ ಬಿರುಕಿಗೆ 10–20.

ಹುಲ್ಲಿನ ಇಳಿಜಾರಿಗೆ ಮೆತ್ತನೆ ಬ್ರಷ್ ಬೇಡವೇ ಬೇಡ. ಗಟ್ಟಿ ಅಂಚಿನ ಸಣ್ಣ ಬ್ರಷ್ ಹಿಡಿದು ಒಂದೊಂದು ಪೊದೆ, ಒಂದೊಂದು ಹುಲ್ಲಿನ ಗುಂಪನ್ನು ಪೂರ್ತಿಯಾಗಿ ಈ ಋತುವಿಗೆ ಇಲ್ಲವೇ ಆ ಋತುವಿಗೆ ಕೊಡುತ್ತ ಹೋಗಿ. ಹಸಿರು ಕಡೆಯಲ್ಲಿ ಒಂದೆರಡು ಒಣ ಗುಂಪು, ಮುಂದೆ ಅರ್ಧಕ್ಕರ್ಧ, ಆಮೇಲೆ ಒಣದರ ನಡುವೆ ಒಂದೆರಡು ಹಸಿರು. ಗುಡ್ಡ ನಿಜವಾಗಿಯೂ ಒಣಗುವುದು ಹೀಗೇ, ಚುಕ್ಕೆ ಚುಕ್ಕೆಯಾಗಿ. ನೆರಳಿರುವ ತಗ್ಗು ಕೊನೆಗೆ ಒಣಗುತ್ತದೆ, ಆದ್ದರಿಂದ ತಗ್ಗಿನ ಹಸಿರನ್ನು ಉಳಿಸಿ.

ಬೇಸಿಗೆಯ ಧೂಳಿಗೆ ದೂರದ ಬಂಡೆ ಮಸುಕಾಗಿರುತ್ತದೆ, ಮಳೆ ನಿಂತ ಮೇಲೆ ಅದೇ ಬಂಡೆ ಕೈಗೆ ಸಿಗುವಷ್ಟು ಸ್ಪಷ್ಟ. ಬೇಸಿಗೆಯ ಕಡೆ ದೂರದ ಭಾಗಕ್ಕೆ ಮಾತ್ರ ಡಿಹೇಜ್ (ಮಸುಕು ಕಳೆಯುವ ಸ್ಲೈಡರ್) ಸ್ವಲ್ಪ ಕೊಡಿ. ಪೂರ್ತಿ ಸರಿಸಮ ಮಾಡಬೇಡಿ, ಆ ಧೂಳೂ ಬೇಸಿಗೆಯದೇ.

ಹಂತ 10: ಪರೀಕ್ಷೆ

ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲುಬದಲು ಮಾಡಿ ನೋಡಿ. ಗೊತ್ತಿರುವ ನೋಟ ಅಪರಿಚಿತವಾದಾಗ ತಪ್ಪು ಕಣ್ಣಿಗೆ ಬೀಳುತ್ತದೆ. ಹುಡುಕಬೇಕಾದ್ದು:

– ಬಂಡೆಯ ನೆತ್ತಿಯಲ್ಲಿ ಎರಡು ಗೆರೆ: ಹಂತ 7ರಲ್ಲಿ ತಪ್ಪಿದೆ.
– ಹತ್ತಿರದ ಕಲ್ಲು ಮಾತ್ರ ಎರಡಾಗಿದೆ, ದೂರದ್ದು ಸರಿ ಇದೆ: ನಿಂತ ಜಾಗ ತಪ್ಪಿದೆ. ಆ ಕಲ್ಲನ್ನು ಒಂದೇ ಋತುವಿಗೆ ಕೊಟ್ಟು ಹೊಲಿಗೆ ದೂರ ಒಯ್ಯಿರಿ.
– ಎಲೆಗಳ ಸುತ್ತ ಬಿಳಿ ಅಂಚು: ಆಕಾಶದ ಮಾಸ್ಕ್ ಗಿಡದ ಒಳಗೆ ಹೊಕ್ಕಿದೆ.
– ಅರ್ಧ ಆಡು, ತಲೆಯಿಲ್ಲದ ಮನುಷ್ಯ: ಹಂತ 4ರಲ್ಲಿ ತೆಗೆದ ಉಳಿದ ಫೋಟೋಗಳಿಂದ ಖಾಲಿ ಜಾಗ ತುಂಬಿ.
– ನೆರಳು ಎರಡು ದಿಕ್ಕಿಗೆ: ಇದಕ್ಕೆ ಮದ್ದಿಲ್ಲ, ತಾರೀಖು ಬದಲಿಸಬೇಕು.

ಶಾರ್ಪನಿಂಗ್ ಈಗ, ಎಲ್ಲ ಕೂಡಿದ ಚಿತ್ರದ ಮೇಲೆ ಒಮ್ಮೆ ಕೊಡಿ. ಲೇಯರುಗಳಿರುವ ಫೈಲನ್ನು ಅಳಿಸಬೇಡಿ, ನೋಟ್‌ಬುಕ್ಕಿನ ಅಳತೆಯ ಪುಟದ ಫೋಟೋವನ್ನೂ ಅದೇ ಫೋಲ್ಡರಿನಲ್ಲಿಡಿ. ಚಳಿಗಾಲದ ಸೂರ್ಯನ ದಾರಿ ಬೇರೆ. ಅದಕ್ಕೇ ಆ ಮೂರನೇ ಮುಖ ಸೇರಿಸುವಾಗ ಮೋಡ ಕವಿದ ದಿನ ಆರಿಸಿದರೆ ಅದರ ಜೊತೆಗೆ ಮೋಡದ ದಿನದ್ದೇ ಆದ ಹಸಿರು ಮತ್ತು ಬೇಸಿಗೆಯ ಫೋಟೋ ಬೇಕಾಗುತ್ತದೆ. ಆದ್ದರಿಂದ ಆಗಸ್ಟಿನಲ್ಲಿ ಬಿಸಿಲಿಗಾಗಿ ಕಾಯುತ್ತ ಕೂತಿರುವಾಗಲೇ ಮೋಡದ ಬೆಳಕಿನದ್ದೂ ನಾಲ್ಕು ತೆಗೆದಿಟ್ಟುಕೊಳ್ಳಿ.